ಓದಿಗೆ ಸಾಲ ಕೊಟ್ಟ ಜೆಮ್‌ಶೆಟ್‌ಜಿ ಟಾಟಾ

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳ ಕಚೇರಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳು ಬಂದು ಸೇರುತ್ತವೆ. ಮಕ್ಕಳಿಗೆ ಸೀಟು ಸಿಕ್ಕಿದರೂ ಶುಲ್ಕ ಕಟ್ಟುವುದು ಹೇಗೆಂಬ ಹೆತ್ತವರ ಚಿಂತೆ ಹೊಸದೇನಲ್ಲ. ಇದೇ ಮುಂಬಯಿಯಲ್ಲಿ 1892ರಷ್ಟು ಹಿಂದೆಯೇ ಈ ಚಿಂತೆಗೆ ಒಂದು ದಾರಿ ಮಾಡಿಕೊಟ್ಟವರು ಜೆಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ. ಗಿರಣಿ, ಉಕ್ಕಿನ ಕಾರ್ಖಾನೆ, ತಾಜ್ ಹೋಟೆಲ್ ಎಂದೊಡನೆ ಅವರ ಹೆಸರು ನೆನಪಾಗುತ್ತದೆ. ಅವರು ಸ್ಥಾಪಿಸಿದ ವಿದ್ಯಾಭ್ಯಾಸ ಸಾಲದ ನಿಧಿಯ ಬಗ್ಗೆ ತಿಳಿದವರು ಕಡಿಮೆ.

ಜೆಮ್‌ಶೆಟ್‌ಜಿಯವರು ಜನಿಸಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್ವಾನ್‌ಜಿ ಊರು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರ ಹಿಡಿದವರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವಿದ್ಯಾಭ್ಯಾಸ ಮುಗಿಸಿ, ತಂದೆಯ ವ್ಯಾಪಾರಕ್ಕೆ ಸೇರಿದರು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಮುಂಬಯಿಯ ಅನೇಕ ವ್ಯಾಪಾರಿಗಳು ಮುಳುಗಿದರು. ಆಗ ಲಂಡನ್ನಿನಲ್ಲಿದ್ದ ಜೆಮ್‌ಶೆಟ್‌ಜಿ ತಲೆ ತಪ್ಪಿಸಿಕೊಳ್ಳಲಿಲ್ಲ. ಸಾಲಗಾರರ ಮುಂದೆ ನಿಂತು ಲೆಕ್ಕವೆಲ್ಲ ಒಪ್ಪಿಸಿದರು. ಇತ್ತ ಸಾಲ ತೀರಿಸಲು ತಂದೆ ಮನೆಯನ್ನೇ ಮಾರಿದರು. ಸಾಲದ ಭಾರವನ್ನೂ ನಂಬಿಕೆಯ ಬೆಲೆಯನ್ನೂ ಅವರು ಹೀಗೆ ಚಿಕ್ಕ ವಯಸ್ಸಿನಲ್ಲೇ ಅರಿತರು. ಮುಂದೆ 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಆರಂಭಿಸಿ ಯಶಸ್ವಿಯಾದರು.

ಆ ಕಾಲದಲ್ಲಿ ಉನ್ನತ ವ್ಯಾಸಂಗಕ್ಕೆ ವಿಲಾಯತಿಗೇ ಹೋಗಬೇಕಿತ್ತು. ಐ.ಸಿ.ಎಸ್. ಪರೀಕ್ಷೆಯೂ ಲಂಡನ್ನಿನಲ್ಲೇ ನಡೆಯುತ್ತಿತ್ತು. ಹಡಗಿನ ಖರ್ಚು, ಶುಲ್ಕ, ಊಟ ವಸತಿಯ ವೆಚ್ಚ ಸಾಮಾನ್ಯ ಕುಟುಂಬದ ಕೈಗೆ ಎಟಕುವಂಥದ್ದಲ್ಲ. 1892ರಲ್ಲಿ ಜೆಮ್‌ಶೆಟ್‌ಜಿ ಸ್ಥಾಪಿಸಿದ ಜೆ. ಎನ್. ಟಾಟಾ ಎಂಡೋಮೆಂಟ್ ಇಂಥವರಿಗೆ ಹಣ ಕೊಟ್ಟಿತು. ಆದರೆ ಅದು ದಾನವಲ್ಲ, ಸಾಲ. ಪ್ರತಿಭೆ ನೋಡಿ ಆಯ್ಕೆ ಮಾಡುವುದು, ಓದು ಮುಗಿದು ಸಂಪಾದನೆ ಶುರುವಾದ ಮೇಲೆ ಹಣ ವಾಪಸು ಪಡೆಯುವುದು, ಬಂದ ಹಣವನ್ನು ಮುಂದಿನ ವಿದ್ಯಾರ್ಥಿಗೆ ಕೊಡುವುದು, ಇದೇ ವ್ಯವಸ್ಥೆ. ಪಡೆದವರು ಯಾರ ಹಂಗಿಗೂ ಬೀಳಲಿಲ್ಲ, ನಿಧಿಯೂ ಬರಿದಾಗಲಿಲ್ಲ.

ಮೊದಲ ಫಲಾನುಭವಿಗಳಲ್ಲಿ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವ್ಕರ್ ಎಂಬ ಇಬ್ಬರು ವೈದ್ಯೆಯರಿದ್ದರು ಎಂಬುದು ವಿಶೇಷ. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳವು. ಆರಂಭದಲ್ಲಿ ಪಾರ್ಸಿಗಳಿಗೆಂದು ಇದ್ದ ನಿಧಿಯನ್ನು ಬೇಗನೆ ಎಲ್ಲ ಸಮುದಾಯದವರಿಗೂ ತೆರೆಯಲಾಯಿತು.

1898ರಲ್ಲಿ ಜೆಮ್‌ಶೆಟ್‌ಜಿ ವಿಜ್ಞಾನ ಸಂಸ್ಥೆಯೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಾಗಿಟ್ಟರು. ಅದು ಕಾರ್ಯರೂಪಕ್ಕೆ ಬರುವ ಮುನ್ನವೇ, 1904ರ ಮೇ 19ರಂದು ಜರ್ಮನಿಯಲ್ಲಿ ನಿಧನರಾದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು.

ಅವರು ನೆಟ್ಟ ಸಾಲದ ಸಸಿಯೂ ಒಣಗಲಿಲ್ಲ. ಶುಲ್ಕ ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದ ಕೇರಳದ ಬಡ ಹುಡುಗ ಕೆ. ಆರ್. ನಾರಾಯಣನ್ 1945ರಲ್ಲಿ ಇದೇ ನಿಧಿಯ ನೆರವಿನಿಂದ ಲಂಡನ್ನಿಗೆ ಹೋದರು, 1997ರಲ್ಲಿ ರಾಷ್ಟ್ರಪತಿಯಾದರು. ನಮ್ಮ ತುಮಕೂರು ಸೀಮೆಯ ಅಣುವಿಜ್ಞಾನಿ ರಾಜಾ ರಾಮಣ್ಣ ಅವರೂ ಟಾಟಾ ವಿದ್ಯಾರ್ಥಿಯಾಗಿಯೇ ಲಂಡನ್ನಿನಲ್ಲಿ ಓದಿದವರು.

ಇಂದು ಬ್ಯಾಂಕುಗಳಲ್ಲಿ ವಿದ್ಯಾಭ್ಯಾಸ ಸಾಲ ಸಿಗುತ್ತದೆ, ಸಂಘಗಳೂ ಕೈಲಾದಷ್ಟು ನೆರವಾಗುತ್ತವೆ. ನೆರವು ಪಡೆದು ಉದ್ಯೋಗಕ್ಕೆ ಸೇರಿದವರು ಮುಂದಿನ ಜೂನ್‌ನಲ್ಲಿ ಸಂಘದ ಮೆಟ್ಟಿಲು ಹತ್ತಿ ತಮ್ಮ ಪಾಲನ್ನು ಹಿಂದಿರುಗಿಸಿದರೆ ಇನ್ನೊಂದು ಮನೆಯ ಮಗು ಕಾಲೇಜು ಸೇರುತ್ತದೆ. ಜೆಮ್‌ಶೆಟ್‌ಜಿ ಹಾಕಿಕೊಟ್ಟ ಲೆಕ್ಕ ಇಷ್ಟೇ.