ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಪರಸ್ಥಳದಿಂದ ಬಂದವನಿಗೆ ಒಂದು ಹೊತ್ತಿನ ಅನ್ನವನ್ನೂ ಒಂದು ರಾತ್ರಿಯ ನೆಲೆಯನ್ನೂ ಕೊಡುವುದು ನಮ್ಮ ನಾಡಿನಲ್ಲಿ ಬಹುಕಾಲದವರೆಗೆ ದಾನವೆಂದೇ ಎಣಿಕೆಗೆ ಬಂದಿರಲಿಲ್ಲ. ಶೃಂಗೇರಿಯಿಂದ ಘಟ್ಟದಂಚಿನ ಕೆರೆಕಟ್ಟೆಯ ಕಡೆಗೆ ಸಾಗುವ ಮಲೆನಾಡಿನ ದಾರಿಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವಿದೆ, ಹಳ್ಳವಿದೆ, ಕಾಡಿದೆ. ಅಲ್ಲಿ ಮಳೆಯಲ್ಲಿ ನೆನೆದು ಬಂದ ದಾರಿಹೋಕನಿಗೆ ಎದುರಾದ ಮನೆಯ ಜಗಲಿಯೇ ಛತ್ರ. ಹಾಗೆ ಆದರಿಸಿದ ಗೃಹಸ್ಥನಿಗೆ ಬಿರುದು ಸಲ್ಲಬೇಕೆಂದು ಯಾರಿಗೂ ತೋರಲಿಲ್ಲ. ನಾಳೆ ತಾನೂ ಇನ್ನೊಬ್ಬರ ಜಗಲಿಯನ್ನು ಏರಬೇಕಾದವನೇ ಎಂಬುದು ಅವನಿಗೆ ತಿಳಿದಿತ್ತು.

ಧೂಮಶಕಟವು ಬಂದಮೇಲೆ ಈ ಲೆಕ್ಕ ತಪ್ಪಿತು. ಮದರಾಸಿನ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ತುಮಕೂರಿನ ಕಡೆಯಿಂದಲೂ ಬಂದ ಗಾಡಿಗಳು ಬೆಂಗಳೂರಿನಲ್ಲಿ ಇಳಿಸಿದ ಜನ ಆ ಪಟ್ಟಣದ ಯಾರಿಗೂ ನೆಂಟರಲ್ಲ, ಗುರುತಿನವರಲ್ಲ. ನ್ಯಾಯಾಲಯಕ್ಕೆಂದು, ವ್ಯಾಪಾರಕ್ಕೆಂದು, ವಿದ್ಯೆಗೆಂದು ಬಂದು ಗಂಟುಮೂಟೆಯೊಡನೆ ನಿಂತ ಆ ಹಳ್ಳಿಗರಿಗೆ ಯಾವ ಜಗಲಿಯೂ ತಮ್ಮದಾಗಿರಲಿಲ್ಲ. ಈ ಕೊರತೆಯನ್ನು ಕಂಡು ಅದಕ್ಕೆ ತಮ್ಮ ಸರ್ವಸ್ವವನ್ನು ಒಪ್ಪಿಸಿದ ಮಹನೀಯರೇ ಗುಬ್ಬಿ ತೋಟದಪ್ಪನವರು.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಶೈವ ವರ್ತಕ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬದ ವ್ಯಾಪಾರವು ಮುಂದೆ ಬೆಂಗಳೂರಿನ ಮಾಮೂಲುಪೇಟೆಗೆ ಬಂದು ನೆಲೆಸಿತು. ಅಲ್ಲಿ ತೋಟದಪ್ಪನವರು ಶ್ರಮದಿಂದಲೂ ಮಿತವ್ಯಯದಿಂದಲೂ ಧನವಂತರಾದರು. ಅವರಿಗೆ ಮಕ್ಕಳಿರಲಿಲ್ಲ. ಆ ಕಾಲದ ಸಿರಿವಂತರ ರೂಢಿಯೆಂದರೆ ದತ್ತು ಸ್ವೀಕರಿಸಿ ವಂಶದ ಹೆಸರನ್ನು ಉಳಿಸಿಕೊಳ್ಳುವುದು. ತೋಟದಪ್ಪನವರ ಸಂಪತ್ತು ಬೇರೊಂದು ದಾರಿ ಹಿಡಿಯಿತು. ಪ್ರವಾಸಿಗರಿಗೆ ಧರ್ಮಛತ್ರ, ಬಡ ವಿದ್ಯಾರ್ಥಿಗಳಿಗೆ ಉಚಿತ ವಸತಿನಿಲಯ, ಇವೆರಡಕ್ಕೆ ಅದು ಮುಡಿಪಾಯಿತು.

ಸಂತಾನವಿಲ್ಲದವನು ಹೆಸರಿನ ಆಸೆಯಿಂದ ಛತ್ರ ಕಟ್ಟಿಸುತ್ತಾನೆಂದು ಹೇಳುವ ಜನ ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪುಣ್ಯದ ಆಸೆ, ಕೀರ್ತಿಯ ಆಸೆ, ರಾಜಾನುಗ್ರಹದ ಆಸೆ ಎಂದು ದಾನಕ್ಕೆ ಕಾರಣಗಳನ್ನು ಎಣಿಸುತ್ತ ಹೋದರೆ ನಿಷ್ಕಾಮಿಯಾದ ದಾನಿ ಒಬ್ಬನೂ ಉಳಿಯಲಾರನು. ಮನುಷ್ಯನ ಅಂತರಂಗವನ್ನು ಅಳೆಯುವ ಕೋಲು ಯಾರ ಕೈಯಲ್ಲಿಯೂ ಇಲ್ಲ. ಅವನು ಆರಿಸಿಕೊಂಡ ನೆಲವನ್ನು ಮಾತ್ರ ನೋಡಬಹುದು. ಕೀರ್ತಿಯೊಂದೇ ಬೇಕಾಗಿದ್ದರೆ ಪುಣ್ಯಕ್ಷೇತ್ರವೊಂದರಲ್ಲಿ ಗೋಪುರವನ್ನೆತ್ತಿಸಬಹುದಿತ್ತು. ಹುಟ್ಟೂರಿನಲ್ಲಿ ತಮ್ಮನ್ನು ಬಲ್ಲವರ ಕಣ್ಣೆದುರಿಗೆ ಮಂಟಪವನ್ನು ನಿಲ್ಲಿಸಬಹುದಿತ್ತು. ತೋಟದಪ್ಪನವರು 1897ರಲ್ಲಿ ರೈಲ್ವೆಯವರಿಂದ ಕೊಂಡದ್ದು ಬೆಂಗಳೂರು ನಗರ ನಿಲ್ದಾಣದ ಬಳಿಯ ಎರಡೂವರೆ ಎಕರೆ ಜಾಗ. ಗಾಡಿಯಿಂದಿಳಿದವನು ದಾರಿ ಕೇಳದೆಯೇ ತಲುಪಬಹುದಾದ ಸ್ಥಳವದು. ಕೊಡುವವನ ಅನುಕೂಲವನ್ನು ಬದಿಗಿಟ್ಟು ಪಡೆಯುವವನ ಕಾಲಿನ ಆಯಾಸವನ್ನು ಎಣಿಸಿ ಆರಿಸಿದ ನೆಲವೆಂಬುದರಲ್ಲಿ ಸಂಶಯವಿಲ್ಲ.

ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಮಡಿದರು. ಉಳಿದವರು ಮನೆಗಳನ್ನು ಬಿಟ್ಟು ಬಯಲಿಗೆ ಓಡಿದರು. ಊರಿಗೆ ಬಂದ ಅಪರಿಚಿತನನ್ನು ಕಂಡರೆ ಬಾಗಿಲು ಮುಚ್ಚುವ ಕಾಲವದು. ಹಿಡಿದ ಕೆಲಸ ಆ ವಿಪತ್ತಿನ ವರ್ಷಗಳಲ್ಲಿಯೂ ಕೈಬಿಡಲಿಲ್ಲ. 1903ರ ಫೆಬ್ರವರಿ 11ರಂದು ಧರ್ಮಛತ್ರವು ತೆರೆಯಿತು. ಉದ್ಘಾಟಿಸಿದವರು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು. ಹಿಂದಿನ ವರ್ಷ ತಾನೇ ರಾಜ್ಯಾಧಿಕಾರವನ್ನು ವಹಿಸಿಕೊಂಡಿದ್ದ ಪ್ರಭುಗಳಿಗೆ ಆಗ ಹದಿನೆಂಟು ವರ್ಷ. ಮಾಮೂಲುಪೇಟೆಯ ವರ್ತಕರಿಗೆ ಅರವತ್ತೈದರ ಆಸುಪಾಸು. ವಿದ್ಯಾರ್ಥಿನಿಲಯವೂ ನಡೆಯಲಾರಂಭಿಸಿತು, ಹಳ್ಳಿಗಳಿಂದ ಬಂದ ಬಡ ವೀರಶೈವ ಹುಡುಗರು ಅಲ್ಲಿದ್ದುಕೊಂಡು ಓದತೊಡಗಿದರು.

1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನು ದಯಪಾಲಿಸಿದರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಎಂಬ ಪದವಿಯೂ ಬಂದಿತು.

ಇಲ್ಲಿ ವಿಚಾರವಂತರು ಒಂದು ಪ್ರಶ್ನೆಯನ್ನು ಎತ್ತಬಹುದು. ಶರಣರ ಮಾರ್ಗದಲ್ಲಿ ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಟ್ಟವನು ಮೇಲೆ, ಕೊಂಡವನು ಕೆಳಗೆ. ದಾಸೋಹದಲ್ಲಿ ಪಡೆಯುವ ಜಂಗಮನೇ ಒಡೆಯ, ನೀಡುವವನು ಅವನ ದಾಸ. ಒಡೆಯನದನ್ನು ಒಡೆಯನಿಗೆ ಒಪ್ಪಿಸಿದ್ದಕ್ಕೆ ಬಹುಮಾನವೆಲ್ಲಿಂದ ಬರಬೇಕು? ಹಾಗಿರುವಲ್ಲಿ ವೀರಶೈವ ಗೃಹಸ್ಥನೊಬ್ಬನು ಅರಸನ ಬಿರುದನ್ನು ತಲೆಯ ಮೇಲೆ ಹೊರುವುದು ಉಚಿತವೇ? ಪ್ರಶ್ನೆ ಸಣ್ಣದಲ್ಲ. ಕಟ್ಟಡಕ್ಕಿಂತ ಮೊದಲು ಶಿಲಾಫಲಕದ ಅಳತೆಯನ್ನು ವಿಚಾರಿಸುವ ದಾನಿಗಳನ್ನು ಲೋಕ ಕಂಡಿದೆ. ಪಟ್ಟಿಯಲ್ಲಿ ತನ್ನ ಹೆಸರು ನೆರೆಯವನ ಹೆಸರಿಗಿಂತ ಕೆಳಗೆ ಅಚ್ಚಾಯಿತೆಂದು ಮುನಿದವರನ್ನೂ ಮಠ-ಶಾಲೆಗಳು ಕಂಡಿವೆ.

ಆದರೆ ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಇನ್ನೊಂದು ಮಾತು ಹೊಳೆಯದಿರದು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಕರೆದು ಆಕೆಯ ಕೀರ್ತಿಯನ್ನು 1007ರಲ್ಲಿ ಶಿಲೆಯಲ್ಲಿ ಕೊರೆದರು. ಅಂತಹ ಶಾಸನಗಳು ಹೊಗಳಿಕೆಯಲ್ಲಿಯೇ ನಿಲ್ಲುವುದಿಲ್ಲ. ಬಿಟ್ಟ ಭೂಮಿಯ ಎಲ್ಲೆ, ಅಳತೆ, ಸಾಕ್ಷಿಗಳ ಹೆಸರುಗಳನ್ನು ಹೇಳುತ್ತವೆ; ಅಳಿಪಿದವನಿಗೆ ಶಾಪವನ್ನು ಹಾಕುತ್ತವೆ; ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನ ಶ್ರೇಯಸ್ಸೆಂದು ಮುಂದಿನವರಿಗೆ ನೆನಪಿಸುತ್ತವೆ. ದಾನಿಯ ಹೆಸರು ಕಲ್ಲಿನಲ್ಲಿ ನಿಂತದ್ದು ಅರ್ಧದಷ್ಟು ದಾನಿಗಾಗಿ, ಇನ್ನರ್ಧ ದಾನದ ಕಾವಲಿಗಾಗಿ. ಹೆಸರಿಲ್ಲದ ಹೊಲವನ್ನು ಪಕ್ಕದವನು ಒತ್ತುವರಿ ಮಾಡುತ್ತಾನೆ; ಒಡೆಯರಿಲ್ಲದ ಛತ್ರ ಹತ್ತು ವರ್ಷದಲ್ಲಿ ಮಳಿಗೆಯಾಗುತ್ತದೆ. ಅರಸು ಮನ್ನಿಸಿದ ಧರ್ಮಕ್ಕೆ ಅರಸಿನ ಕಣ್ಣೂ ಇರುತ್ತದೆ. ಬಿರುದಿನ ಪ್ರಯೋಜನವೇನಾದರೂ ಇದ್ದರೆ ಅದು ಇಷ್ಟೇ. ತೋಟದಪ್ಪನವರ ಚರಿತ್ರೆಯಲ್ಲಿ ಗಮನಿಸಬೇಕಾದುದು ಸಂಗತಿಗಳ ಅನುಕ್ರಮ: ನೆಲ 1897ರಲ್ಲಿ, ಛತ್ರ 1903ರಲ್ಲಿ, ರಾಜಸನ್ಮಾನ 1905ರಲ್ಲಿ. ಫಲವನ್ನು ಮುಂದಿಟ್ಟುಕೊಂಡು ಹೊರಟ ಪಯಣ ಇದಲ್ಲ.

ತಮ್ಮ ದಾನಕ್ಕೆ ಅವರು ಬಯಸಿದ ಪ್ರತಿಫಲವೊಂದು ಇದ್ದಿತೆಂದೇ ಹೇಳಬೇಕು. ಅದು ತಾವಿಲ್ಲದ ಮೇಲೆಯೂ ಒಲೆ ಆರಬಾರದೆಂಬುದು. ಕೊನೆಗಾಲದಲ್ಲಿ ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದುಕೊಟ್ಟು, ಅದರ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಶೆಟ್ಟರಿಗೆ ವಹಿಸಿದರು. ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ ಹೆಸರಾದ, ಮುಂದೆ ಸರ್ ಪದವಿಯನ್ನು ಪಡೆದ, ಇಂದು ನಗರದ ಪುರಭವನವು ಯಾರ ಹೆಸರನ್ನು ಹೊತ್ತಿದೆಯೋ ಆ ಪುಟ್ಟಣ್ಣಶೆಟ್ಟರೇ ಇವರು. ಜೀವಮಾನದ ಗಳಿಕೆಯನ್ನು ಮತ್ತೊಬ್ಬರ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ಸಂಪಾದಿಸಿದವನಿಗೆ ಸುಲಭವಲ್ಲ. ಹಣವನ್ನು ಕೊಟ್ಟರೂ ಹಣದ ಮೇಲಿನ ಅಧಿಕಾರವನ್ನು ಬಿಡದ ದಾನಿಗಳೇ ಹೆಚ್ಚು. ಅಂಥವರ ಛತ್ರಗಳು ಅವರೊಡನೆಯೇ ಮುಗಿಯುತ್ತವೆ. ತೋಟದಪ್ಪನವರು ಯೋಗ್ಯರನ್ನು ಆರಿಸಿದರು. 1910ರ ಫೆಬ್ರವರಿ 21ರಂದು, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು.

ಸಂಸ್ಥೆಯ ದಾಖಲೆಗಳಲ್ಲಿ ಎರಡು ಬಿರುದುಗಳೂ ಅವರ ಹೆಸರಿನ ಮುಂದೆ ಉಳಿದುಕೊಂಡಿವೆ. ಜನರ ನಾಲಿಗೆ ಮಾತ್ರ ಅಷ್ಟುದ್ದದ ಹೆಸರನ್ನು ಹೊರಲಿಲ್ಲ. ನಿಲ್ದಾಣದಲ್ಲಿಳಿದ ಹಳ್ಳಿಗರಿಗೆ ಅದು ತೋಟದಪ್ಪನ ಛತ್ರ. ಪಕ್ಕದ ಬೀದಿ ಗುಬ್ಬಿ ತೋಟದಪ್ಪ ರಸ್ತೆ. ಊರಿನ ಹೆಸರು ಮತ್ತು ತಂದೆತಾಯಿಯರಿಟ್ಟ ಹೆಸರು, ಇಷ್ಟನ್ನೇ ಜನ ಇರಿಸಿಕೊಂಡರು.

ಆ ಛತ್ರದ ಆಶ್ರಯದಲ್ಲಿ ಓದಿದವರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನೆಂಬ ತರುಣನೂ ಒಬ್ಬ. ತೋಟದಪ್ಪನವರು ತೀರಿಕೊಂಡಾಗ ಆತ ಇನ್ನೂ ಎಳೆಯ ಕೂಸು. 1920ರ ದಶಕದ ಕೊನೆಗೆ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿ ಬೆಂಗಳೂರಿಗೆ ಬಂದು ಅಲ್ಲಿ ತಂಗಿದ್ದ. ಕಾಣದ ದಾನಿಯ ನೆಲೆಯಲ್ಲಿದ್ದು ಓದಿದ ಆ ತರುಣನನ್ನು 1930ರಲ್ಲಿ ಉದ್ದಾನ ಶಿವಯೋಗಿಗಳು ಸಿದ್ಧಗಂಗೆಗೆ ಕರೆದುಕೊಂಡರು. ಶ್ರೀ ಶಿವಕುಮಾರ ಸ್ವಾಮಿಗಳಾಗಿ ಅವರು 2019ರವರೆಗೆ ಬಾಳಿದರು. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ಆ ಮಠದ ಅಡುಗೆಮನೆಯ ಒಲೆ ಇಂದಿಗೂ ಉರಿಯುತ್ತಿದೆ.