ರಂಗನತಿಟ್ಟಿನ ನಡುಗಡ್ಡೆಗಳು ಮತ್ತು ಸಾಲಿಂ ಅಲಿ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದ ಸಮೀಪ ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದು ನಿರ್ಮಾಣಗೊಂಡಿತು. ಕಟ್ಟಿಸಿದವರು ಎಣಿಸಿರದ ಇನ್ನೊಂದು ಫಲವೂ ಅದರಿಂದ ಒದಗಿತು. ನದಿಯ ನಡುವೆ ಕೆಲವು ಕಿರುದ್ವೀಪಗಳು ಉಳಿದು, ಅವುಗಳ ಮೇಲಿನ ಮರಗಳಲ್ಲಿ ನೀರುಹಕ್ಕಿಗಳು ಗೂಡುಕಟ್ಟತೊಡಗಿದವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಮೊಟ್ಟೆಗೆ ಕೈಹಾಕ ಬಯಸುವವರಿಗೆ ದಾರಿ ಸುಗಮವಾಗಿರಲಿಲ್ಲ. ಈ ನೈಸರ್ಗಿಕ ಕಾವಲಿಗೆ ರಾಜಶಾಸನದ ಬೆಂಬಲ ದೊರೆತದ್ದು 1940ರಲ್ಲಿ. ಅದನ್ನು ದೊರಕಿಸಿಕೊಟ್ಟವರು ಸಾಲಿಂ ಅಲಿ.

ಸಾಲಿಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತಯ್ಯಬಜಿಯವರು ಸಾಕಿದರು. ಮಾವನವರು ಬೇಟೆಗಾರರು, ಬಾಲಕನ ಕೈಯಲ್ಲಿಯೂ ಒಂದು ಚಿಕ್ಕ ಬಂದೂಕು. ಒಮ್ಮೆ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಕಲೆಯಿತ್ತು. ಅದು ಯಾವ ಹಕ್ಕಿಯೆಂದು ತಿಳಿಯಲು ಹುಡುಗ ಮುಂಬಯಿ ನಿಸರ್ಗ ಇತಿಹಾಸ ಸಂಘದ ಬಾಗಿಲು ತಟ್ಟಿದ. ಕಾರ್ಯದರ್ಶಿ ಮಿಲ್ಲರ್ಡ್ ಅವರು ಗದರಿಸಿ ಕಳುಹಿಸದೆ ಹಕ್ಕಿಯ ಹೆಸರನ್ನು ತಿಳಿಸಿ, ಸಂಘದ ಪಕ್ಷಿಸಂಗ್ರಹವನ್ನು ಒಳಗೆ ಕರೆದೊಯ್ದು ತೋರಿಸಿದರು.

ಮುಂದಿನ ಹಾದಿ ನೇರವಾಗಿರಲಿಲ್ಲ. ಬರ್ಮಾದಲ್ಲಿ ಕುಟುಂಬದ ವ್ಯವಹಾರ ನೋಡಿಕೊಳ್ಳಲು ಹೋದವರು ಕಾಡು ಸುತ್ತಿದ್ದೇ ಹೆಚ್ಚು. ವಿಶ್ವವಿದ್ಯಾಲಯದ ಪದವಿಯಿಲ್ಲದ ಕಾರಣ ಸರ್ಕಾರಿ ಹುದ್ದೆ ಕೈತಪ್ಪಿತು. ಬರ್ಲಿನ್ನಿಗೆ ಹೋಗಿ ಸ್ಟ್ರೆಸೆಮನ್ ಅವರಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ ಇದ್ದ ವಸ್ತುಸಂಗ್ರಹಾಲಯದ ಕೆಲಸವೂ ಉಳಿದಿರಲಿಲ್ಲ. ಕೊಂಕಣ ಕರಾವಳಿಯ ಕಿಹಿಮ್ ಗ್ರಾಮದಲ್ಲಿ ನೆಲೆಸಿ, ಬಿಡುವನ್ನೆಲ್ಲ ಗೀಜಗಗಳನ್ನು ನೋಡುವುದಕ್ಕೆ ಮೀಸಲಿಟ್ಟರು. ಮರಾಠಿಯಲ್ಲಿ ಈ ಹಕ್ಕಿಗೆ ಸುಗರಣ, ಅಂದರೆ ಮನೆಗೆಲಸದಲ್ಲಿ ನಿಪುಣೆಯಾದ ಗೃಹಿಣಿ ಎಂಬ ಹೆಸರು. ಆದರೆ ನೇಯುವುದು ಗಂಡು. ಅದು ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ, ಮನಸ್ಸಿಗೆ ಬಂದರೆ ಒಪ್ಪುತ್ತದೆ. ಅಲ್ಲಿ ಸಂಸಾರ ಹೂಡಿದ ಮೇಲೆ ಗಂಡು ಮತ್ತೊಂದು ಗೂಡಿಗೆ ತೊಡಗುತ್ತದೆ. ಇದನ್ನು ತಾಳ್ಮೆಯಿಂದ ಕಂಡು ದಾಖಲಿಸಿದ ಲೇಖನವೇ ಅವರಿಗೆ ವಿದ್ವಾಂಸರ ಮನ್ನಣೆ ತಂದಿತು. ಹೆಸರು ಕೊಟ್ಟ ಜನ ಗೂಡಿನ ಅಂದವನ್ನು ಕಂಡಿದ್ದರು, ನೇಕಾರನನ್ನು ಕಂಡಿರಲಿಲ್ಲ.

ಹೈದರಾಬಾದ್, ತಿರುವಾಂಕೂರು ಮೊದಲಾದ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ಅವರು ಸಂಬಳವಿಲ್ಲದೆ, ಖರ್ಚುವೆಚ್ಚ ಮಾತ್ರ ಪಡೆದು ನಡೆಸಿದರು. ಡೇರೆಗಳಲ್ಲಿ ಪತ್ನಿ ತೆಹಮೀನಾ ಜೊತೆಗಿರುತ್ತಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ತರುವಾಯ ತೆಹಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಸಾಲಿಂ ಅಲಿಯವರು ಸೋದರಿಯ ಮನೆ ಸೇರಿದರು, ಮತ್ತೆ ಮದುವೆಯಾಗಲಿಲ್ಲ. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಈ ಅಗಲಿಕೆಯ ಬೆನ್ನಿಗೇ, 1939-40ರಲ್ಲಿ.

ಕಾವೇರಿಯ ನಡುಗಡ್ಡೆಗಳು ಹಕ್ಕಿಗಳ ಮಹತ್ವದ ಸಂತಾನಸ್ಥಾನವೆಂಬುದನ್ನು ಅವರು ಮೈಸೂರು ಅರಸರಿಗೆ ಮನಗಾಣಿಸಿದರು. ಗೂಡುಗಳಿರುವಲ್ಲಿ ಶಾಂತಿಯಿರಬೇಕು ಎಂಬುದಷ್ಟೇ ಬೇಡಿಕೆಯ ಸಾರ. ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ದೋಣಿಯಲ್ಲಿ ಕುಳಿತವರಿಗೆ ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಬಿಳಿಹಕ್ಕಿ, ಹಾವಕ್ಕಿ, ಹೆಜ್ಜಾರ್ಲೆ, ಬಂಡೆಗಳ ಮೇಲೆ ಮೊಟ್ಟೆಯಿಡುವ ನದಿ ರೀವ ಕೆಲವೇ ಮಾರುಗಳ ಅಂತರದಲ್ಲಿ ಕಾಣಸಿಗುತ್ತವೆ. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು.

ಬಣ್ಣದ ಕೊಕ್ಕರೆಯನ್ನು ಕಾಣಲು ಮಡಕಶಿರಾ ಭಾಗದವರು ಕಾವೇರಿಯವರೆಗೂ ಹೋಗಬೇಕಿಲ್ಲ. ಹಿಂದೂಪುರದ ಆಚೆಯ ವೀರಾಪುರದಲ್ಲಿ ಊರ ಮರಗಳ ಮೇಲೆಯೇ ಅವು ಗೂಡು ಕಟ್ಟುತ್ತವೆ. ಅಲ್ಲಿನ ನಡುಗಡ್ಡೆ ಎಂದರೆ ಗ್ರಾಮಸ್ಥರ ಸಹನೆ. ಸಾಲಿಂ ಅಲಿಯವರ ಬದುಕಿನ ಒಂದು ತೊಡಕೂ ಇಲ್ಲಿಯೇ ಹೊಳೆಯುತ್ತದೆ. ಭರತಪುರದ ಪಕ್ಷಿಧಾಮವನ್ನು ಉಳಿಸಿದವರಲ್ಲಿ ಅವರು ಪ್ರಮುಖರು. ಆದರೆ ಅಲ್ಲಿ ದನಕರುಗಳನ್ನು ಹೊರಗಿಡಬೇಕೆಂಬ ಅವರ ನಿಲುವು ದುಬಾರಿಯಾಯಿತು. 1982ರ ಮೇವು ನಿಷೇಧದ ಬಳಿಕ ಎಮ್ಮೆಗಳು ತಿನ್ನುತ್ತಿದ್ದ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ನೀರುಹಕ್ಕಿಗಳು ಕಡಿಮೆಯಾದವು. ಇದನ್ನು ಅಧ್ಯಯನದಿಂದ ತೋರಿಸಿದ್ದು ಅವರದೇ ಸಂಘ. ದೊಡ್ಡವರ ತಪ್ಪನ್ನು ಅವರ ಶಿಷ್ಯವರ್ಗವೇ ಬರೆದಿಟ್ಟದ್ದು ಆ ಸಂಘದ ಹಿರಿಮೆ. ಕೇರಳದ ಮೌನಕಣಿವೆಯ ಮಳೆಕಾಡನ್ನು ಜಲವಿದ್ಯುತ್ ಯೋಜನೆಯಿಂದ ಪಾರುಮಾಡುವ ಹೋರಾಟದಲ್ಲಿ ಮಾತ್ರ ಅವರ ನಿಲುವು ಸರಿಯೆಂದೇ ಸಿದ್ಧವಾಯಿತು.

ಡಿಲ್ಲನ್ ರಿಪ್ಲೆಯವರೊಡನೆ ಬರೆದ ಹತ್ತು ಸಂಪುಟಗಳ ಪಕ್ಷಿಕೈಪಿಡಿ 1974ರಲ್ಲಿ ಪೂರ್ಣಗೊಂಡಿತು. 1976ರಲ್ಲಿ ಪದ್ಮವಿಭೂಷಣ ಬಂತು. ಆದರೂ ಒಂದು ಹಕ್ಕಿಯ ಇರವು ತಿಳಿಯದೆ ಉಳಿದಿತ್ತು. ಜೆರ್ಡನ್ ಎಂಬ ವೈದ್ಯನ ಹೆಸರು ಹೊತ್ತ, ತೆಲುಗಿನಲ್ಲಿ ಕಲಿವಿಕೋಡಿ ಎನ್ನಲಾಗುವ, ಕುರುಚಲು ಕಾಡಿನ ನಿಶಾಚರ ಪಕ್ಷಿಯದು. 1900ರಲ್ಲಿ ಪೆನ್ನಾ ಕಣಿವೆಯಲ್ಲಿ, ಅನಂತಪುರದ ಬಳಿ ಕಂಡುಬಂದದ್ದೇ ಕೊನೆ, ಅಳಿದುಹೋಯಿತೆಂದೇ ಭಾವಿಸಲಾಗಿತ್ತು. 1986ರ ಜನವರಿಯಲ್ಲಿ ಮುಂಬಯಿ ಸಂಘದವರು ನಡೆಸಿದ ಹುಡುಕಾಟದಲ್ಲಿ, ಸ್ಥಳೀಯರ ನೆರವಿನಿಂದ, ಕಡಪ ಜಿಲ್ಲೆಯಲ್ಲಿ ಅದು ಮತ್ತೆ ಪತ್ತೆಯಾಯಿತು. ಅದರ ನೆಲೆಗೆ ಈಗ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯದ ರಕ್ಷಣೆಯಿದೆ. ಸುದ್ದಿ ಬಂದಾಗ ಸಾಲಿಂ ಅಲಿಯವರಿಗೆ ಎಂಬತ್ತೊಂಬತ್ತು ವರ್ಷ. ಮರುವರ್ಷ, 1987ರ ಜೂನ್ 20ರಂದು, ಅವರು ಮುಂಬಯಿಯಲ್ಲಿ ನಿಧನರಾದರು.