ಚಿನಮಳ್ಳಿಯ ಸ್ವಾಮಿ ಮತ್ತು ತಡವಾಗಿ ಬಂದ ಶಾಲು

ಸೆಪ್ಟೆಂಬರ್ 17 ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಧ್ವಜ ಏರುತ್ತದೆ. ಭಾಷಣವಾಗುತ್ತದೆ. ನಿಜಾಮನ ವಿರುದ್ಧ ಹೋರಾಡಿದ ಮುದುಕರಿಗೆ ಹೆಗಲ ಮೇಲೊಂದು ಶಾಲು, ಕೊರಳಿಗೊಂದು ಹಾರ. ಮೊದಲು ಹಿರೀಕರು ಸಾಲಾಗಿ ಕೂಡುತ್ತಿದ್ದರು. ಈಗ ಆ ಸಾಲು ಬಹಳ ಸಣ್ಣದಾಗಿದೆ. ಆ ಶಾಲಿನ ಕಥೆ ಸುರುವಾಗೋದು ಅಫಜಲಪುರ ಸೀಮೆಯ ಚಿನಮಳ್ಳಿಯಿಂದ.

1903ರ ಅಕ್ಟೋಬರ್ 3ರಂದು ಹುಟ್ಟಿದ ವೆಂಕಟೇಶ ಖೇಡಗೀಕರ ಓದಿದ್ದು ಸೊಲ್ಲಾಪುರ, ಅಮಳನೇರ, ಪುಣೆಯಲ್ಲಿ. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ದುಡಿದರು. ಮುಂದೆ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಿ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರಿಕೆ. 1932ರಲ್ಲಿ ಕಾವಿ ತೊಟ್ಟು ಸ್ವಾಮಿ ರಾಮಾನಂದ ತೀರ್ಥರಾದರು. ಆದರೆ ಮಠ ಹಿಡಿದು ಕೂಡಲಿಲ್ಲ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಜಾಮ ಸರ್ಕಾರ ಅದಕ್ಕೆ ನಿಷೇಧ ಹಾಕಿತು. ಸ್ವಾಮಿಗಳು ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. 1940ರಲ್ಲಿ ಮತ್ತೆ ಜೈಲು. 1946ರಲ್ಲಿ ನಿಷೇಧ ತೆಗೆದಾಗ ಸಂಘಟನೆಯ ಚುಕ್ಕಾಣಿ ಅವರ ಕೈಯಲ್ಲಿತ್ತು.

1947ರ ಆಗಸ್ಟ್ 15ರಂದು ದೇಶವೆಲ್ಲ ಪೇಢೆ ಹಂಚಿದರೆ, ಹೈದರಾಬಾದಿನಲ್ಲಿ ಸ್ವಾಮಿಗಳ ಬಂಧನವಾಯಿತು. ನಡುವೆ ಕೆಲ ದಿನ ಹೊರಬಂದು ಮತ್ತೆ ಒಳಗೆ ಹೋದರು. ಇತ್ತ ಹಳ್ಳಿಗಳಲ್ಲಿ ರಜಾಕಾರರ ಹಾವಳಿ. ಪಡ್ಡೆ ಹುಡುಗರು ಮನೆ ಬಿಟ್ಟು ಗಡಿ ದಾಟಿದರು. ಆಳಂದದವರಿಗೆ ಅಕ್ಕಲಕೋಟೆ, ಸೊಲ್ಲಾಪುರ ಕಡೆ ಹತ್ತಿರ. ಅಫಜಲಪುರದವರಿಗೆ ಭೀಮಾ ದಾಟಿದರೆ ಇಂಡಿ. ಜೇವರ್ಗಿಗೆ ಮಗ್ಗಲಲ್ಲೇ ಸಿಂದಗಿ. ಗಡಿಯುದ್ದಕ್ಕೂ ಶಿಬಿರಗಳೆದ್ದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ಕ್ಕೆ ನಿಜಾಮ ಶರಣಾದ, ಸ್ವಾಮಿಗಳು ಹೊರಬಂದರು.

ಆ ಗೆಲುವಿಗೆ ಕಪ್ಪು ಮಗ್ಗಲೂ ಇತ್ತು. ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಎಣಿಸಿತು. ವರದಿ ದಶಕಗಟ್ಟಲೆ ಹೊರಬರಲಿಲ್ಲ. ವಿಮೋಚನೆಯ ಮಾತೆತ್ತಿದರೆ ಕೆಲವು ಮನೆಗಳು ಇಂದಿಗೂ ಸುಮ್ಮನಾಗುವುದು ಇದಕ್ಕೇ.

1952ರಲ್ಲಿ ಗುಲ್ಬರ್ಗಾ ಮಂದಿ ಸ್ವಾಮಿಗಳನ್ನು ಲೋಕಸಭೆಗೆ ಕಳಿಸಿದರು. 1957ರಲ್ಲಿ ಅವರು ಔರಂಗಾಬಾದಿನಿಂದ ಗೆದ್ದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. 1994ರಲ್ಲಿ ಶುರುವಾದ ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ಸ್ವಾಮಿಗಳು ಹೋಗಿ ಏಳು ತಿಂಗಳಾಗುವ ಮೊದಲೇ, ಅದೇ ಆಗಸ್ಟ್ 15ಕ್ಕೆ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡಲು ಶುರುಮಾಡಿತು. ಸನ್ಯಾಸಿಗೆ ಪಿಂಚಣಿ ಬೇಕಿರಲಿಲ್ಲ. ಅವರ ಹಿಂದೆ ಹೊರಟ ಮಂದಿಗೆ ಬೇಕಿತ್ತು. ನಿಯಮ ಕೇಳಿದ್ದು ಆರು ತಿಂಗಳ ಜೈಲುವಾಸದಂಥ ದಾಖಲೆ. ಗಡಿ ಶಿಬಿರದಲ್ಲಿದ್ದವನ ಬಳಿ ಜೈಲಿನ ಚೀಟಿ ಎಲ್ಲಿಂದ ಬರಬೇಕು? ಮೇಲಾಗಿ ಅವರು ಕಾದಾಡಿದ್ದು ಬ್ರಿಟಿಷರು ಹೋದ ಮೇಲೆ. ದೇಶದ ಲೆಕ್ಕದಲ್ಲಿ ಸ್ವಾತಂತ್ರ್ಯ ಆಗಲೇ ಬಂದಾಗಿತ್ತು. ಹೈದರಾಬಾದ್ ವಿಲೀನದ ಹೋರಾಟವನ್ನೂ ಲೆಕ್ಕಕ್ಕೆ ಹಿಡಿದು, 98 ಗಡಿ ಶಿಬಿರಗಳಿಗೆ ಕೇಂದ್ರದ ಮಾನ್ಯತೆ ಸಿಗಲು ವರ್ಷಗಳೇ ಹಿಡಿದವು. ಅಷ್ಟರಾಗ ಎಷ್ಟೋ ಮಂದಿ ಮಣ್ಣು ಸೇರಿದ್ದರು.

2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಬೋರ್ಡು ಬದಲಾದವು. ಇನ್ನು ಶಾಲು ಹೊದಿಸಲು ಹೆಗಲು ಸಿಗದ ಕಾಲ. ಮೂರೂ ತಾಲ್ಲೂಕುಗಳಿಂದ ಗಡಿ ದಾಟಿ ಹೋದವರ ಹೆಸರನ್ನು ಊರುವಾರು ಬರೆದು, ಧ್ವಜ ಏರಿದ ಮೇಲೆ ಗಟ್ಟಿಯಾಗಿ ಓದಲಿ. ಅದಕ್ಕೆ ಖರ್ಚೇನೂ ಇಲ್ಲ. ಆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಊರು ಚಿನಮಳ್ಳಿ.